ಹುಬ್ಬುಗಳ ನಡುವೆ ಒಂದು ಚುಕ್ಕೆ

ಬೆಳಗಿನಿಂದಲೂ ಗಾಳಿ, ಮಳೆ ತರುವ ಗಾಳಿಯಲ್ಲ, ಬರೀ ಒಣಗಾಳಿ, ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಳ್ಳುವ ಹಾಗೆ ಬಸ್ ನಿಲ್ದಾಣದ ತಗಡನ್ನು ಎತ್ತಿ ಎತ್ತಿ ಬಡಿಯುತ್ತಿದೆ, ಮೂಲೆಯಲ್ಲಿ ನಾಲ್ಕಾರು ಒಣ ಎಲೆ, ಒಂದು ಚಾಕೊಲೇಟಿನ ಕಾಗದ, ಗಿರಗಿರನೆ ಸುತ್ತುತ್ತವೆ, ಸುಸ್ತಾದವರ ಹಾಗೆ ಕೂರುತ್ತವೆ, ಮತ್ತೆ ಎದ್ದು ಸುತ್ತುತ್ತವೆ, ಅವುಗಳ ಮುಂದೆ ಕುಕ್ಕರುಗಾಲಲ್ಲಿ ಕೂತ ಆರು ವರ್ಷದ ಮಗಳ ಕತ್ತೂ ಅವುಗಳ ಜೊತೆಗೇ ಸುತ್ತುತ್ತಿದೆ — ಪುಟ್ಟೀ, ಬಸ್ಸು ಬಂತು, ಏಳಮ್ಮಾ, ಬಸ್ಸು — ಬಂತು, ಬಾಗಿಲು ತೆರೆಯಿತು, ಕಂಡಕ್ಟರು, ಹತ್ತೋದಾದ್ರೆ ಹತ್ತಿ ಯಜಮಾನ್ರೇ, ಮಗು ಎಲೆ ಎಣಿಸಿ ಮುಗಿಸೋ ತನಕ ನಿಲ್ಲಿಸೋಕಾಗಲ್ಲ, ಎಂದ, ಬಸ್ಸು ಹೋಯಿತು, ಅವಳ ಅಪ್ಪ, ದರ್ಜಿ, ನಿಂತೇ ಇದ್ದ. ಎಳೆದಿದ್ದರೆ ಬರುತ್ತಿದ್ದಳು, ಬರುತ್ತಿದ್ದಳೇ, ಇಲ್ಲ, ನೆಲಕ್ಕೆ ಬಿದ್ದು ಹೊರಳುತ್ತಿದ್ದಳು, ಹೋದ ತಿಂಗಳು ಔಷಧಿ ಅಂಗಡಿಯ ಮುಂದೆ ಬಿದ್ದ ಹಾಗೆ, ಜನ ಸುತ್ತಲೂ ನಿಂತು ಎರಡು ಬಿಟ್ಟರೆ ಸರಿಹೋಗುತ್ತೆ ಅನ್ನುತ್ತಿದ್ದ ಹಾಗೆ. ಹತ್ತೂವರೆಗೆ ಡಾಕ್ಟರು, ಮುಂದಿನ ಬಸ್ಸು ಇಪ್ಪತ್ತು ನಿಮಿಷಕ್ಕೆ, ಏಳು ತಿಂಗಳು ಕಾದು ಸಿಕ್ಕ ಹತ್ತೂವರೆ ಇದು, ಏಳು ತಿಂಗಳು ಅಂದರೆ ಹೊಟ್ಟೆಯಲ್ಲಿರುವ ಕೂಸು ಒದೆಯಲು ಕಲಿತು ಅದೂ ಹಳೆಯದಾಗುವಷ್ಟು ಕಾಲ, ತಪ್ಪಿದರೆ ಮತ್ತೆ ಸಾಲಿನ ಬಾಲಕ್ಕೆ, ಶಾಲೆಯವರು ಕೊಟ್ಟ ಗಡುವು ಈ ತಿಂಗಳ ಕೊನೆಗೆ. ಅಂಗಿಯ ಜೇಬು ಮುಟ್ಟಿ ನೋಡಿಕೊಂಡ, ಇದೆ, ಗುಂಡಗೆ, ಗಟ್ಟಿಯಾಗಿ, ಎದೆಗೆ ಒತ್ತುತ್ತಿದೆ, ಕಡು ಹಸಿರು ಗುಂಡಿ, ನಾಲ್ಕು ತೂತು. ಪುಟ್ಟಿ ಎಲೆಗಳನ್ನು ಬಿಟ್ಟು ಎದ್ದಳು, ತಾನಾಗಿಯೇ, ಅಪ್ಪನ ಹತ್ತಿರ ಬಂದಳು, ಮುಖ ನೋಡಲಿಲ್ಲ, ಬಲಗೈ ಚಾಚಿ ಅಂಗೈ ಬಿಡಿಸಿದಳು, ಅಷ್ಟೇ, ಮಾತಿಲ್ಲ ಕತೆಯಿಲ್ಲ, ಇಪ್ಪತ್ತಮೂರು ದಿನದಿಂದ ದಿನಾ ಬೆಳಿಗ್ಗೆ ಹೀಗೇ. ಆಮೇಲೆ ಪುಟ್ಟೀ, ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ. ಅಂಗೈ ಮುಚ್ಚಲಿಲ್ಲ, ಗಾಳಿ ಅದರ ಮೇಲೆ ಧೂಳು ಸುರಿಯಿತು.

ಎರಡನೇ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿದ್ದು ದೇವರ ದಯೆ, ಅವಳು ಗಾಜಿಗೆ ಕೆನ್ನೆಯೊತ್ತಿ ಅದರ ನಡುಕವನ್ನು ಕೇಳುತ್ತ ಕೂತಳು, ಇವನ ಕಾಲು ಸುಮ್ಮನಿರಲಿಲ್ಲ, ಕಾಣದ ಹೊಲಿಗೆ ಯಂತ್ರದ ಪೆಡಲನ್ನು ತುಳಿಯುತ್ತಲೇ ಇತ್ತು, ಎಷ್ಟು ಮೆಟ್ಟಿಲು ಹತ್ತಿದೆ, ಎಷ್ಟು ಬಾಗಿಲು ತಟ್ಟಿದೆ, ಮೊದಲು ಮಕ್ಕಳ ಡಾಕ್ಟರು, ಆಗ ಮೂರು ವರ್ಷ ಇವಳಿಗೆ, ಅವರ ಕತ್ತಿನ ಕೊಳವೆಯನ್ನು ಹಿಡಿದವಳು ಬಿಡಲೇ ಇಲ್ಲ, ಅವರು ನಕ್ಕು, ಕೆಲವು ಮಕ್ಕಳು ಮಾತು ಕೂಡಿಟ್ಟುಕೊಂಡು ಒಟ್ಟಿಗೆ ಆಡ್ತಾರೆ ಕಣ್ರೀ, ಕಾಯಿರಿ. ಕಾದರು. ಆಮೇಲೆ ಕಿವಿ ಡಾಕ್ಟರು, ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ ಅಂದರೆ ಕಿವಿಯದೇ ದೋಷ ಇರಬೇಕಲ್ಲ, ಕಿವಿಯದೇ ಆಗಿರಲಿ ದೇವರೇ ಅಂತ ಬೇಡಿಕೊಂಡ ಅಪ್ಪ ಲೋಕದಲ್ಲಿ ಇನ್ನೊಬ್ಬನಿದ್ದಾನೋ ಇಲ್ಲವೋ, ಯಂತ್ರ ಹಾಕಿ ನೋಡಿ, ಬಂಗಾರದಂಥ ಕಿವಿ ಎಂದರು, ಅದು ಇವನಿಗೂ ಗೊತ್ತಿತ್ತು, ಕತ್ತರಿಗೆ ಸಾಣೆ ಹಿಡಿಯುವವನು ಬೀದಿಯ ತುದಿಗೆ ಬಂದರೆ ಸಾಕು, ಬೇರೆ ಯಾರಿಗೂ ಕೇಳಿಸುವ ಮುಂಚೆ ಇವಳು ಎರಡೂ ಕೈಯಲ್ಲಿ ಕಿವಿ ಮುಚ್ಚುತ್ತಿದ್ದಳು. ಆಮೇಲೆ ಮಾತು ಕಲಿಸುವ ಟೀಚರು, ಆ ಪದವನ್ನು ಮೊದಲು ಬಾಯಿಬಿಟ್ಟು ಹೇಳಿದವಳು ಅವಳೇ, ಆಟಿಸಂ ಇರಬಹುದು ಅಣ್ಣಾ, ಇರಬಹುದು ಅಷ್ಟೇ, ಹೌದು ಅಂತ ಹೇಳೋ ಅಧಿಕಾರ ನಂದಲ್ಲ, ಮಕ್ಕಳ ಬೆಳವಣಿಗೆಯನ್ನೇ ನೋಡೋ ಡಾಕ್ಟರು ಬೇರೆ ಇರ್ತಾರೆ, ಗಂಟೆಗಟ್ಟಲೆ ಕೂತು ನೋಡೋರು, ಹತ್ತು ನಿಮಿಷಕ್ಕೆ ಹೌದು ಅನ್ನೋರನ್ನೂ ನಂಬಬೇಡಿ, ಹತ್ತು ನಿಮಿಷಕ್ಕೆ ಇಲ್ಲ ಅನ್ನೋರನ್ನೂ ನಂಬಬೇಡಿ. ಒಬ್ಬರ ವಿಳಾಸ ಬರೆದುಕೊಟ್ಟಳು, ಫೋನು ಮಾಡಿದರೆ ಏಳು ತಿಂಗಳು ಅಂದರು, ಹೆಸರು ಬರೆಸಿದ, ಆದರೆ ಏಳು ತಿಂಗಳು ಕೈಕಟ್ಟಿ ಕೂರುವ ಮೈಯೇ ಇದು, ಮೈಗೆ ಇರುವೆ ಬಿಟ್ಟುಕೊಂಡವನ ಹಾಗೆ ಓಡಾಡಿದ, ಆರು ತಿಂಗಳು ಹೇಗೋ ತಳ್ಳಿದ, ಆಮೇಲೆ ತಾಳಲಾರದೆ ಗಾಜಿನ ಕೋಣೆಯವನ ಹತ್ತಿರ ಹೋದ, ನಾಳೆಯೇ ಬನ್ನಿ ಅನ್ನುವ ಡಾಕ್ಟರು, ಹೋಗಬಾರದಿತ್ತು, ಹೋದ, ಹೋಗುವ ಮುಂಚೆ ಆ ಕೆಲಸವನ್ನೂ ಮಾಡಿದ.

ಆ ಕೆಲಸ ಅಂದರೆ ಏನು, ಇಸ್ತ್ರಿ ಹಾಕಿದ್ದು, ಮೂವತ್ತು ವರ್ಷದಲ್ಲಿ ಇಸ್ತ್ರಿ ಹಾಕದೆ ಒಂದು ಅಂಗಿಯನ್ನೂ ಗಿರಾಕಿಯ ಕೈಗೆ ಕೊಟ್ಟವನಲ್ಲ, ಮಗಳನ್ನು ಸುಕ್ಕಿನ ಸಮೇತ ಕೊಟ್ಟಾನೆಯೇ, ಒಂದು ವಾರ, ಅಂಗಡಿಯ ಬಾಗಿಲು ಅರ್ಧ ಎಳೆದು, ಕತ್ತರಿಸುವ ಮೇಜಿನ ಮೇಲೆ ಅವಳನ್ನು ಕೂರಿಸಿ, ನಿನ್ನ ಹೆಸರೇನು, ನಿನಗೆಷ್ಟು ವರ್ಷ, ನಿನಗೇನು ಇಷ್ಟ, ಸೂಜಿಗೆ ದಾರ ಪೋಣಿಸುವವನ ತಾಳ್ಮೆಯಿಂದ ಒಂದೊಂದೇ ಉತ್ತರ ಪೋಣಿಸಿದ, ಕಲಿತಳು, ಗಿಣಿ ಕೂಡ ಅಷ್ಟು ಬೇಗ ಕಲಿಯುತ್ತಿರಲಿಲ್ಲ, ಆದರೆ ಕಣ್ಣು, ಕಣ್ಣಿಗೆ ಕಣ್ಣು ಕೊಡಲಾರಳು, ಕಣ್ಣು ನೋಡು ಅಂದರೆ ಬಿಸಿ ಇಸ್ತ್ರಿಪೆಟ್ಟಿಗೆ ಮುಟ್ಟಿದವಳ ಹಾಗೆ ಮುಖ ಹಿಂದೆಗೆಯುತ್ತಾಳೆ. ಆಗ ಹೊಳೆದದ್ದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಕೈಯಲ್ಲೇ ಇತ್ತು, ತನ್ನ ಎರಡು ಹುಬ್ಬಿನ ನಡುವೆ ಒಂದು ಚುಕ್ಕೆ ಇಟ್ಟುಕೊಂಡ, ಕಣ್ಣು ಬೇಡ ಪುಟ್ಟೀ, ಇಲ್ಲಿ ನೋಡು, ಬರೀ ಚುಕ್ಕೆ, ಚುಕ್ಕೆ ಏನೂ ಮಾಡಲ್ಲ — ನೋಡಿದಳು, ಎರಡು ಎಣಿಸುವಷ್ಟು, ಐದು ಎಣಿಸುವಷ್ಟು, ಚುಕ್ಕೆ ಒರೆಸಿದ ಮೇಲೂ ಅಲ್ಲೇ ನೋಡಿದಳು, ಎಂಥ ಖುಷಿ ಅವನಿಗೆ ಆ ದಿನ, ಒಬ್ಬನೇ ನಕ್ಕ, ಮೂಢ. ಮತ್ತೆ ಗುಂಡಿ, ಗುಂಡಿ ಇದ್ದರೆ ಕಲಿಯುವುದಿಲ್ಲ ಅಂತ ಅದನ್ನು ಕಿತ್ತುಕೊಂಡ, ಯಾರೋ ಬಿಗಿ ಮಾಡಿಸಲು ಕೊಟ್ಟು ಮರೆತೇಬಿಟ್ಟ ದೊಡ್ಡ ಕೋಟಿನ ಗುಂಡಿ ಅದು, ಎರಡೂವರೆ ವರ್ಷದಿಂದ ಅವಳದು, ಮೇಜಿನ ಮೇಲೆ ಬೆರಳಲ್ಲಿ ಚಿಮ್ಮಿ ತಿರುಗಿಸುತ್ತಾಳೆ, ಕಿವಿಯನ್ನು ಮೇಜಿಗೆ ಒತ್ತಿಡುತ್ತಾಳೆ, ಗುಂಡಿ ಗುಂಯ್ ಎನ್ನುತ್ತ ನಿಧಾನವಾಗಿ ವಾಲಿ ಟಪ್ಪೆಂದು ಬಿದ್ದಾಗ ನಗುತ್ತಾಳೆ, ಗಟ್ಟಿಯಾಗಿ, ಹೊಟ್ಟೆಯಿಂದ, ಆ ನಗು ಇನ್ನು ಯಾವುದಕ್ಕೂ ಬರುವುದಿಲ್ಲ. ಡಾಕ್ಟರ ಹತ್ತಿರ ಚೆನ್ನಾಗಿ ಹೇಳಿದರೆ ಗುಂಡಿ ವಾಪಸು, ಅಪ್ಪನ ಆಣೆ, ಅಂದಿದ್ದ. ಅವಳು ಚೆನ್ನಾಗಿ ಹೇಳಿದಳು. ಗಾಜಿನ ಕೋಣೆಯವನ ಹುಬ್ಬಿನ ನಡುವೆ ನೋಡುತ್ತ ಹೆಸರು, ವಯಸ್ಸು, ಇಷ್ಟ, ಮೂರಕ್ಕೆ ಮೂರೂ ಸರಿ, ಅವನು ಕುರ್ಚಿಯಲ್ಲಿ ಒರಗಿ, ಎಷ್ಟು ಚೆನ್ನಾಗಿ ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ತಾಳಲ್ರೀ, ಇವಳಿಗೇನಾಗಿದೆ, ಮುದ್ದು ಜಾಸ್ತಿ ಆಗಿದೆ ಅಷ್ಟೇ, ಸ್ವಲ್ಪ ಶಿಸ್ತು ಕಲಿಸಿ, ಎಂದು ಬರೆದುಕೊಟ್ಟ. ಅವಳು ಮಾತು ಉಳಿಸಿಕೊಂಡಳು, ಇವನು ಉಳಿಸಿಕೊಳ್ಳಲಿಲ್ಲ, ಗುಂಡಿ ಇಲ್ಲದಿರುವುದೇ ಒಳ್ಳೆಯದಾಯಿತಲ್ಲ ಅನ್ನಿಸಿತು, ಯಂತ್ರದ ಖಾನೆಯೊಳಗೆ ಇಟ್ಟು ಬೀಗ ಹಾಕಿದ, ಮಾರನೆಯ ಬೆಳಿಗ್ಗೆ ಅವಳು ಮುಂದೆ ಬಂದು ನಿಂತು ಅಂಗೈ ಬಿಡಿಸಿದಳು.

ಆ ಕಾಗದ ಓದಿದ ಶಾಲೆಯ ದೊಡ್ಡ ಟೀಚರು ಕನ್ನಡಕ ಕೆಳಗಿಳಿಸಿ, ತೊಂದರೆ ಏನೂ ಇಲ್ಲ ಅಂತ ಡಾಕ್ಟರೇ ಬರೆದಿದ್ದಾರೆ, ಹಾಗಾದ್ರೆ ಇದು ಹಟ, ಗಂಟೆ ಹೊಡೆದ್ರೆ ಬೆಂಚಿನ ಕೆಳಗೆ ಹೋಗಿ ಕೂತ್ಕೊತಾಳೆ, ಎಳೆದ್ರೆ ಕಚ್ತಾಳೆ, ಹಟಕ್ಕೆ ನಾವು ಅವಳ ಪಕ್ಕದಲ್ಲೇ ಕೂರೋಕೆ ಒಬ್ಬ ಜೊತೆ ಟೀಚರನ್ನ ಕೊಡೋಕಾಗಲ್ಲ, ಸರಿಯಾದ ವರದಿ ಇದ್ರೆ ಕೊಡಬಹುದಿತ್ತು, ತಿಂಗಳ ಕೊನೆ ತನಕ ನೋಡ್ತೀವಿ, ಆಮೇಲೆ ನೀವೇ ಬೇರೆ ಕಡೆ ನೋಡ್ಕೊಳ್ಳಿ. ತಾನೇ ಕಲಿಸಿದ ಮೂರು ಉತ್ತರ ಮಗಳ ಕೈಯಿಂದ ಒಬ್ಬ ಟೀಚರನ್ನು ಕಿತ್ತುಕೊಂಡವು, ಗೊತ್ತಾಗಿದೆ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ಗೊತ್ತಾಗಿಯೂ ಈಗ ಬಸ್ಸಿನಲ್ಲಿ ಬಾಯಿ ತಾನೇ ತಾನಾಗಿ, ಪುಟ್ಟೀ, ನಿನ್ನ ಹೆಸರೇನು, ಎಂದುಬಿಟ್ಟಿತು, ಅವಳು ಗಾಜಿನಿಂದ ಕೆನ್ನೆ ತೆಗೆದು ಇವನ ಹುಬ್ಬಿನ ನಡುವೆ ದಿಟ್ಟಿಸಿ, ನಮಸ್ಕಾರ ನನ್ನ ಹೆಸರು ಪುಟ್ಟಿ ನನಗೆ ಆರು ವರ್ಷ ನನಗೆ ಚಿತ್ರ ಬರೆಯೋದು ಇಷ್ಟ, ಒಂದೇ ಉಸಿರಿಗೆ — ಚಿತ್ರ ಬರೆಯುವುದು ಅವಳಿಗೆ ಇಷ್ಟವೇ ಇಲ್ಲ, ಪೆನ್ಸಿಲು ಕಾಗದದ ಮೇಲೆ ಮಾಡುವ ಸದ್ದಿಗೆ ಅಳುತ್ತಾಳೆ, ಆ ಉತ್ತರವನ್ನೂ ಇವನೇ ಹೊಲಿದದ್ದು. ಯಾಕೆ ಕೇಳಿದೆ, ಬೇಡ ಅಂದುಕೊಂಡೂ ಯಾಕೆ ಕೇಳಿದೆ, ಭಯ, ಅಕ್ಕ ಹೇಳಿದ ಮಾತಿನ ಭಯ, ಹೆಸರೊಂದು ಅಂಟಿಸಿದ್ರೆ ಅದು ಜನ್ಮಕ್ಕೂ ಹೋಗಲ್ಲ ಕಣೋ, ನಾಳೆ ಊರೆಲ್ಲ ಬೆಟ್ಟು ಮಾಡಿ ತೋರಿಸುತ್ತೆ, ನೀನೂ ನಾಲ್ಕು ವರ್ಷಕ್ಕೆ ಮಾತಾಡಿದವನು, ನೂಲಿನ ಉಂಡೆ ಹಿಡ್ಕೊಂಡು ಮೂಲೇಲಿ ಕೂರ್ತಿದ್ದೆ, ಈಗ ಹೆಂಡತಿ ಮಗು ಅಂಗಡಿ ಇಲ್ವಾ ನಿಂಗೆ. ಇದೆ ಅಕ್ಕಾ, ಆದರೆ ಮದುವೆಮನೆಯಲ್ಲಿ ಜನರ ಗದ್ದಲಕ್ಕೆ ಹೆದರಿ ಹಿತ್ತಿಲಲ್ಲಿ ನಿಂತಿದ್ದ ವರ ನಾನೇ, ಅದನ್ನು ಯಾರಿಗೂ ಹೇಳಿಲ್ಲ. ಲೇಬಲ್ಲು, ಪುಟ್ಟಿಗೆ ಬಟ್ಟೆಯ ಲೇಬಲ್ಲು ಆಗುವುದಿಲ್ಲ, ಕತ್ತಿನ ಹಿಂದೆ ಅದು ತಾಕಿದರೆ ಚೇಳು ಕಡಿದ ಹಾಗೆ ಕುಣಿಯುತ್ತಾಳೆ, ಅವಳ ಒಂದೊಂದು ಅಂಗಿಯ ಲೇಬಲ್ಲನ್ನೂ ದಾರ ದಾರವಾಗಿ ಬಿಚ್ಚಿ ತೆಗೆದ ಕೈ ಇದು, ಈಗ ಇದೇ ಕೈ ಅವಳ ಕತ್ತಿಗೆ ಒಂದು ಲೇಬಲ್ ಹೊಲಿಸಿಕೊಂಡು ಬರಲು ಹೊರಟಿದೆ, ಎಂದು ನಿನ್ನೆ ರಾತ್ರಿ ಹೆಂಡತಿಯ ಮುಂದೆ ಅಂದರೆ, ಅವಳು ದೊಡ್ಡ ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವವಳು, ಕೈಯೆಲ್ಲ ಸೋಪಿಗೆ ಬಿರಿದಿದೆ, ಬಿರುಕಿಗೆ ಎಣ್ಣೆ ಸವರುತ್ತ, ಲೇಬಲ್ ಇಲ್ಲದ ಬಟ್ಟೆ ನಮ್ಮಲ್ಲಿಗೆ ಬಂದ್ರೆ ಏನ್ ಮಾಡ್ತೀವಿ ಗೊತ್ತಾ, ಎಲ್ಲದರ ಜೊತೆ ಕುದಿಯೋ ನೀರಿಗೆ ಹಾಕ್ತೀವಿ, ರೇಷ್ಮೆ ಇದ್ರೂ ಅಷ್ಟೇ, ಉಣ್ಣೆ ಇದ್ರೂ ಅಷ್ಟೇ, ಹಾಳಾದ ಮೇಲೆ ಅಯ್ಯೋ ಅಂತೀವಿ. ಅಷ್ಟು ಹೇಳಿ ಮಗ್ಗುಲು ತಿರುಗಿದಳು. ಬೆಳಿಗ್ಗೆ ಅವಳಿಗೆ ರಜೆ ಸಿಗಲಿಲ್ಲ, ಹೊಸಿಲಲ್ಲಿ ನಿಂತು ಇವನ ಜೇಬು ನೋಡಿದಳು, ಗುಂಡಿಯ ಗುಂಡನೆಯ ಉಬ್ಬು ಕಾಣುತ್ತಿತ್ತು, ಅದ್ಯಾಕೆ ಜೇಬಲ್ಲಿ, ಎಂದಳು, ಚೆನ್ನಾಗಿ ಹೇಳಿದರೆ ಕೊಡೋಣ ಅಂತ, ಎಂದ, ಅವಳು ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೊರಟಳು, ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಬಣ್ಣದ ಅಂಗಡಿಯ ಮೇಲಿನ ಮಹಡಿ, ಮೆಟ್ಟಿಲು ಇಪ್ಪತ್ತೆರಡು, ಪುಟ್ಟಿ ಪ್ರತಿ ಮೆಟ್ಟಿಲಿಗೂ ಎರಡು ಪಾದ ಇಟ್ಟೇ ಮುಂದಿನದಕ್ಕೆ, ಇವನು ಒಂದೊಂದು ಮೆಟ್ಟಿಲಿಗೂ ದೇವರೇ ದೇವರೇ, ನೀನು ನೇಯ್ದ ಬಟ್ಟೆ ಇದು, ಎಳೆ ನಿನಗೆ ಗೊತ್ತು, ನನಗೆ ಬರೀ ಹೊಲಿಗೆ ಗೊತ್ತು, ಹತ್ತೂವರೆ ಆಗಿ ಏಳು ನಿಮಿಷ, ಕೌಂಟರಿನಲ್ಲಿದ್ದವಳು ಗಡಿಯಾರವನ್ನೂ ಇವನನ್ನೂ ನೋಡಿ, ಉಸಿರು ತಗೊಳ್ಳಿ, ಒಳಗಿರೋರದು ಇನ್ನೂ ಮುಗಿದಿಲ್ಲ, ಇದನ್ನ ತುಂಬಿ, ಎಂದು ನಾಲ್ಕು ಹಾಳೆ ಕೊಟ್ಟಳು. ಮಗು ಹೆಸರು ಕರೆದಾಗ ತಿರುಗುತ್ತದೆಯೇ, ಯಾವಾಗಲೂ, ಕೆಲವೊಮ್ಮೆ, ಎಂದೂ ಇಲ್ಲ — ಪೆನ್ನು ಯಾವಾಗಲೂ ಅನ್ನುವುದರ ಮೇಲೆ ಹೋಗಿ ನಿಂತಿತು, ಗುರುತು ಹಾಕಿತು. ವಸ್ತುಗಳನ್ನು ಬಹಳ ಹೊತ್ತು ತಿರುಗಿಸುತ್ತದೆಯೇ — ಎಂದೂ ಇಲ್ಲ. ಇಪ್ಪತ್ತಮೂರು ದಿನದಿಂದ ಎಂದೂ ಇಲ್ಲ, ಅದು ಸುಳ್ಳಲ್ಲ, ಸುಳ್ಳಲ್ಲದ ಸುಳ್ಳು, ಬೆವರು ಹಾಳೆಯ ಮೇಲೆ ಬಿತ್ತು. ಪಕ್ಕದ ಬೆಂಚಿನಲ್ಲಿ ಒಬ್ಬ ಅಜ್ಜಿ, ಅವಳ ಪಕ್ಕದಲ್ಲಿ ಎತ್ತರಕ್ಕೆ ಬೆಳೆದ ಮೊಮ್ಮಗಳು, ಹದಿನಾರು ಇರಬಹುದು, ಹಿಂದಕ್ಕೂ ಮುಂದಕ್ಕೂ ತೂಗುತ್ತ ಗೋಡೆಯ ಟೈಲುಗಳನ್ನು ಎಣಿಸುತ್ತಿದ್ದಳು, ಅಜ್ಜಿ ಪುಟ್ಟಿಯತ್ತ ಬಗ್ಗಿ, ಏನೇ ನಿನ್ನ ಹೆಸರು, ಎಂದಳು, ಪುಟ್ಟಿ ತಕ್ಷಣ ಅವಳ ಹುಬ್ಬಿನ ನಡುವೆ ದೃಷ್ಟಿ ನೆಟ್ಟು ನಮಸ್ಕಾರದಿಂದ ಚಿತ್ರ ಬರೆಯುವವರೆಗೆ ಹರಿಬಿಟ್ಟಳು, ಮುಗಿದ ಮೇಲೂ ನೋಟ ಕದಲಲಿಲ್ಲ, ಅಜ್ಜಿ ಹಣೆ ಒರೆಸಿಕೊಂಡು, ಅಲ್ವೇ, ನನ್ನ ಹಣೆಬರಹ ಏನಾದ್ರೂ ಓದ್ತಿದ್ದೀಯಾ, ಎಪ್ಪತ್ತು ವರ್ಷದಿಂದ ನಂಗೇ ಓದೋಕಾಗಿಲ್ಲ, ಸಿಕ್ಕಿದ್ರೆ ಹೇಳು ಮಾರಾಯ್ತಿ — ನಕ್ಕಳು, ಕೌಂಟರಿನವಳೂ ನಕ್ಕಳು, ದರ್ಜಿಯ ಕಿವಿ ಕೆಂಪಾಯಿತು. ಅಜ್ಜಿ ನಗು ನಿಲ್ಲಿಸಿ, ತಮ್ಮಾ, ಹೇಳಿಕೊಟ್ಟು ಕರ್ಕೊಂಡು ಬಂದಿದ್ದೀಯಲ್ಲ, ಎಂದಳು, ಸಿಟ್ಟಿಲ್ಲ, ಬರೀ ಗುರುತು ಹಿಡಿದವಳ ದನಿ, ನಾವೂ ಹಾಗೇ ಮಾಡಿದ್ವಿ, ಬಾಯಿ ಮುಚ್ಕೊಂಡು ಕೈ ಕಟ್ಕೊಂಡು ಕೂತ್ಕೋ ಅಂತ ಹೇಳಿ ಹೇಳಿ, ಎಂಟು ಡಾಕ್ಟರು ಎಷ್ಟು ಒಳ್ಳೇ ಹುಡುಗಿ ಅಂದ್ರು, ಒಳ್ಳೇ ಹುಡುಗಿ ಒಳ್ಳೇ ಹುಡುಗಿ ಅಂತಲೇ ಇವಳಿಗೆ ಹದಿನಾಲ್ಕು ಆಯ್ತು, ಕೈ ಕಟ್ಟಿ ಕೂತೂ ಕೂತೂ ಒಂದಿನ ಇದ್ದ ನಾಲ್ಕು ಮಾತೂ ನಿಂತೋಯ್ತು. ಎಂಟು ಜನರಲ್ಲಿ ಒಬ್ಬರೂ ನೆಲದ ಮೇಲೆ ಕೂರಲಿಲ್ಲ, ಈ ಡಾಕ್ಟರಮ್ಮ ಕೂತಳು ನೋಡು, ಈಗ ಎರಡು ವರ್ಷಕ್ಕೆ ಎಣಿಸೋಷ್ಟು ಮಾತು ವಾಪಸು ಬಂದಿದೆ. ಮೊಮ್ಮಗಳು ನಲವತ್ತೊಂದು ಎಂದು ಮುಗಿಸಿ ಮತ್ತೆ ಒಂದರಿಂದ ಶುರುಮಾಡಿದಳು. ಹದಿನಾಲ್ಕು, ಹದಿನಾಲ್ಕರ ಪುಟ್ಟಿ ಕಣ್ಣ ಮುಂದೆ ನಿಂತಳು, ಉದ್ದನೆಯ ಕೈ, ಬಿಡಿಸಿದ ಅಂಗೈ, ಖಾಲಿ.

ಬನ್ನಿ, ಎಂದಿತು ಒಂದು ದನಿ, ಬಾಗಿಲಲ್ಲಿ ನರೆತ ಕೂದಲಿನ ಹೆಂಗಸು, ಬರಿಗಾಲು, ಮೊಣಕಾಲಿನ ಹತ್ತಿರ ಸವೆದು ತೆಳ್ಳಗಾದ ಪ್ಯಾಂಟು, ಅವನ ಕಣ್ಣು ಮೊದಲು ಹೋದದ್ದು ಆ ಸವೆತಕ್ಕೇ, ಬಟ್ಟೆ ಸುಳ್ಳು ಹೇಳುವುದಿಲ್ಲ, ಇವಳು ದಿನಾ ನೆಲಕ್ಕೆ ಮೊಣಕಾಲು ಊರುವವಳು, ಕೋಣೆಯಲ್ಲಿ ಮೇಜಿಲ್ಲ, ಚಾಪೆ, ಒಂದು ಮರದ ಹಲಗೆ, ನಾಲ್ಕು ಆಟಿಕೆ, ಕಿಟಕಿ ಮುಚ್ಚಿದೆ, ಗಾಳಿಯ ಸದ್ದು ದೂರದಿಂದ ಎಂಬಂತೆ. ಡಾಕ್ಟರಮ್ಮ ಚಾಪೆಯ ಮೇಲೆ ಕೂತಳು, ಪುಟ್ಟಿಯನ್ನು ಏನೂ ಕೇಳಲಿಲ್ಲ, ಕೇಳದಿದ್ದರೂ ಪುಟ್ಟಿ ಅವಳೆದುರು ನೆಟ್ಟಗೆ ನಿಂತು, ಹುಬ್ಬಿನ ನಡುವೆ ನೋಡುತ್ತ, ನಮಸ್ಕಾರ ನನ್ನ ಹೆಸರು ಪುಟ್ಟಿ ನನಗೆ ಆರು ವರ್ಷ ನನಗೆ ಚಿತ್ರ ಬರೆಯೋದು ಇಷ್ಟ, ಮುಗಿಸಿ ಅಪ್ಪನತ್ತ ತಿರುಗಿ ಅಂಗೈ ಬಿಡಿಸಿದಳು. ಡಾಕ್ಟರಮ್ಮ ಆ ಅಂಗೈಯನ್ನು ನೋಡಿದಳು, ಇವನನ್ನು ನೋಡಿದಳು, ಹಾಳೆಗಳನ್ನು ತಿರುವಿದಳು, ಎಲ್ಲಾ ಚೆನ್ನಾಗೇ ಇದೆಯಲ್ಲ ಇದರಲ್ಲಿ, ಎಂದಳು, ಹಾಳೆ ಪಕ್ಕಕ್ಕಿಟ್ಟಳು, ಅವಸರ ಏನಿಲ್ಲ, ಮಧ್ಯಾಹ್ನದ ತನಕ ನಾನು ನಿಮ್ಮವಳೇ, ಒಂದೇ ಒಂದು ಹೇಳಿ, ಯಾರೂ ಏನೂ ಕೇಳದೇ ಇದ್ದಾಗ, ತನ್ನ ಪಾಡಿಗೆ ತಾನಿದ್ದಾಗ, ಇವಳು ಏನು ಮಾಡ್ತಾಳೆ. ಅವನು ಬಾಯಿ ತೆರೆದ, ಚಿತ್ರ ಅಂತ ಬಂತು ನಾಲಿಗೆಯ ತುದಿಗೆ, ನುಂಗಿದ, ಒಬ್ಬ ಮುದುಕ ಗಿರಾಕಿ ಇದ್ದ, ಹೊಸ ಅಂಗಿ ಕೊಟ್ಟರೆ ಹೊರಮೈ ನೋಡುತ್ತಲೇ ಇರಲಿಲ್ಲ, ತಿರುಗಿಸಿ ಒಳಮೈ ನೋಡುತ್ತಿದ್ದ, ಗಂಟು ಎಲ್ಲಿದೆ ದಾರ ಎಲ್ಲಿ ಉಳಿದಿದೆ ಅಂತ, ಎಲ್ಲರೂ ಅವನನ್ನು ಬೈಯುತ್ತಿದ್ದರು, ಇವನಿಗೆ ಮಾತ್ರ ಅವನು ಬಂದ ದಿನ ಕೈಗೆ ಗೌರವ ಬಂದ ಹಾಗೆ ಅನ್ನಿಸುತ್ತಿತ್ತು — ಏಳು ತಿಂಗಳು, ಕಿವಿ ಡಾಕ್ಟರು, ಗಾಜಿನ ಕೋಣೆ, ಕುದಿಯುವ ನೀರು, ನಲವತ್ತೊಂದು ಟೈಲು, ಸರಿಯಾದ ಡಾಕ್ಟರನ್ನು ಹುಡುಕಿ ಹುಡುಕಿ ಸುತ್ತಿದ್ದೆಲ್ಲ ಸರಿ, ಸಿಕ್ಕಾಗ ಅವರೆದುರು ಇಡಬೇಕಾದ ಮಗಳನ್ನೇ ಯಂತ್ರದ ಖಾನೆಯಲ್ಲಿಟ್ಟು ಬೀಗ ಹಾಕಿಬಂದೆನಲ್ಲ, ಆಡಿದ ಮಾತು ಬಾಕಿ, ಅಪ್ಪನ ಆಣೆ ಬಾಕಿ, ಒಂದು ನಗು ಬಾಕಿ, ಅಂಗೈ ಇನ್ನೂ ಹಾಗೇ ಇದೆ, ಮುಚ್ಚಿಲ್ಲ, ಗೆರೆಗಳ ನಡುವೆ ಬೆಳಗಿನ ಧೂಳು, ಅಮ್ಮಾ, ಆ ಹಾಳೆ ಹರಿದುಬಿಡಿ, ನಾನು ಬೇರೆ ತುಂಬಿಕೊಡ್ತೀನಿ, ಎಂದ, ತನ್ನ ದನಿಯೇ ಅಲ್ಲ ಅದು, ಮೊಣಕಾಲೂರಿ ಕೂತ, ಜೇಬಿಗೆ ಕೈ ಹೋಯಿತು, ಬಂತು, ಸದ್ದಿಲ್ಲದೆ ಆ ಪುಟ್ಟ ಅಂಗೈಯ ನಡುವೆ ಇಟ್ಟ, ಕಡು ಹಸಿರು, ನಾಲ್ಕು ತೂತು, ಬೆರಳುಗಳು ಒಂದೊಂದಾಗಿ ಮುಚ್ಚಿಕೊಂಡವು, ನಾಲ್ಕು ತೂತು.